ಚಿಕ್ಕ ಸರಕು ವಾಹನಗಳಲ್ಲಿ ಡೀಸೆಲ್ ಮತ್ತು ಪೆಟ್ರೋಲ್ ಆಯ್ಕೆ (ಯಾದಗಿರಿ ಜಿಲ್ಲೆ)

ಯಾದಗಿರಿ ಜಿಲ್ಲೆಯ ಯಾದಗಿರಿ, ಶಹಾಪುರ ಮತ್ತು ಸುರಪುರ ತಾಲ್ಲೂಕುಗಳಲ್ಲಿ ಕೃಷಿ ಉತ್ಪನ್ನ, ಗೊಬ್ಬರ, ಕಿರಾಣಿ ಸಾಮಾನು ಹಾಗೂ ಕಟ್ಟಡ ಸಾಮಗ್ರಿಗಳನ್ನು ಸಾಗಿಸುವ ನಾಲ್ಕು ಚಕ್ರದ ಚಿಕ್ಕ ಸರಕು ವಾಹನಗಳು ಬಹುಕಾಲ ಮುಖ್ಯವಾಗಿ ಡೀಸೆಲ್‌ನಿಂದಲೇ ಓಡುತ್ತಿದ್ದವು. 2020ರ ನಂತರ ಇದೇ ವರ್ಗದಲ್ಲಿ ಪೆಟ್ರೋಲ್ ವಾಹನಗಳ ಆಯ್ಕೆ ವಿಸ್ತರಿಸಿದ್ದರಿಂದ, ಹಳೆಯ ಡೀಸೆಲ್ ವಾಹನವನ್ನು ಮಾರಿ ಪೆಟ್ರೋಲ್ ವಾಹನ ಕೊಳ್ಳುವುದು ಲಾಭಕರವೇ ಎಂಬ ಪ್ರಶ್ನೆ ಬಾಡಿಗೆ ವಾಹನದ ಮಾಲೀಕರ ಮುಂದೆ ಬಂದಿದೆ. ಈ ಪ್ರಶ್ನೆಗೆ ಉತ್ತರವು ಇಂಧನದ ಬೆಲೆಯೊಂದರಿಂದಲೇ ದೊರೆಯುವುದಿಲ್ಲ. ವಾಹನವು ಇಡೀ ವರ್ಷದಲ್ಲಿ ಎಷ್ಟು ಕಿಲೋಮೀಟರ್ ಓಡುತ್ತದೆ ಮತ್ತು ಎಷ್ಟು ಭಾರ ಹೊರುತ್ತದೆ ಎಂಬುದೇ ನಿರ್ಣಾಯಕ ಅಂಶವಾಗಿದೆ.

ಸ್ಥಳೀಯ ಹಿನ್ನೆಲೆ

ಯಾದಗಿರಿಯು 2009ರ ಡಿಸೆಂಬರ್ 30ರಂದು ಗುಲಬರ್ಗಾ ಜಿಲ್ಲೆಯಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾಯಿತು. ಇಲ್ಲಿನ ವಾಹನಗಳ ನೋಂದಣಿ ಸಂಖ್ಯೆ ಕೆಎ-33 ಎಂದು ಆರಂಭವಾಗುತ್ತದೆ. ಯಾದಗಿರಿ ಪಟ್ಟಣವು ಮುಂಬೈ–ಚೆನ್ನೈ ರೈಲುಮಾರ್ಗದಲ್ಲಿದೆ. ಶಹಾಪುರ ಮತ್ತು ಸುರಪುರ ಪಟ್ಟಣಗಳಿಗೆ ರೈಲು ಸಂಪರ್ಕವಿಲ್ಲದ ಕಾರಣ ಅಲ್ಲಿನ ಸರಕು ಸಾಗಾಣಿಕೆ ರಸ್ತೆಯನ್ನೇ ಅವಲಂಬಿಸಿದೆ.

ಕೃಷ್ಣಾ ನದಿಯ ನಾರಾಯಣಪುರ ಜಲಾಶಯದ ಎಡದಂಡೆ ಕಾಲುವೆಯಿಂದ ಸುರಪುರ ಮತ್ತು ಶಹಾಪುರ ಭಾಗಗಳಿಗೆ ನೀರಾವರಿ ದೊರೆತ ಮೇಲೆ ಭತ್ತ, ಹತ್ತಿ ಮತ್ತು ಮೆಣಸಿನಕಾಯಿ ಬೆಳೆಗಳು ಹೆಚ್ಚಿದವು. ಮಳೆಯಾಶ್ರಿತ ಭೂಮಿಯಲ್ಲಿ ತೊಗರಿ, ಹೆಸರು ಮತ್ತು ಶೇಂಗಾ ಬೆಳೆಯುತ್ತಾರೆ. ಹತ್ತಿ ಬಿಡಿಸುವ, ಭತ್ತ ಕೊಯ್ಯುವ ಮತ್ತು ತೊಗರಿ ರಾಶಿ ಮಾಡುವ ತಿಂಗಳುಗಳಲ್ಲಿ ಹೊಲದಿಂದ ಎಪಿಎಂಸಿ ಮಾರುಕಟ್ಟೆಗೆ ಅಥವಾ ಜಿನ್ನಿಂಗ್ ಕಾರ್ಖಾನೆಗೆ ವಾಹನಗಳು ಬಿಡುವಿಲ್ಲದೆ ಓಡುತ್ತವೆ. ಸುಗ್ಗಿ ಮುಗಿದ ಮೇಲೆ ಬಾಡಿಗೆ ಗಣನೀಯವಾಗಿ ಇಳಿಯುತ್ತದೆ. ವಾಹನದ ಆಯ್ಕೆಯಲ್ಲಿ ಈ ಏರಿಳಿತಕ್ಕೆ ವಿಶೇಷ ಮಹತ್ವವಿದೆ.

ವಾಹನಗಳ ವರ್ಗ

ಟಾಟಾ ಮೋಟರ್ಸ್ ಸಂಸ್ಥೆಯು 2005ರಲ್ಲಿ ಬಿಡುಗಡೆ ಮಾಡಿದ ಟಾಟಾ ಏಸ್ ಈ ವರ್ಗದ ಪ್ರಮುಖ ವಾಹನ. ಜನರು ಇದನ್ನು ‘ಛೋಟಾ ಹಾಥಿ’ ಎಂದೂ ಕರೆಯುತ್ತಾರೆ. ಇದರ ಮೊದಲ ಮಾದರಿಯಲ್ಲಿ ಎರಡು ಸಿಲಿಂಡರಿನ, ಸುಮಾರು 700 ಸಿ.ಸಿ. ಸಾಮರ್ಥ್ಯದ ಡೀಸೆಲ್ ಎಂಜಿನ್ ಇತ್ತು. ಅದು ಹೊರಬಹುದಾದ ಸರಕಿನ ಮಿತಿ 750 ಕೆ.ಜಿ. 2020ರಲ್ಲಿ ಇದರ ಪೆಟ್ರೋಲ್ ಮಾದರಿ ಬಂದಿತು. 2025ರ ಜೂನ್‌ನಲ್ಲಿ ಬಂದ ಏಸ್ ಪ್ರೊ ಪೆಟ್ರೋಲ್, ಪೆಟ್ರೋಲ್–ಸಿಎನ್‌ಜಿ ಮತ್ತು ವಿದ್ಯುತ್ ಮಾದರಿಗಳಲ್ಲಿ ಬಿಡುಗಡೆಯಾಯಿತು. ಮಾರುತಿ ಸುಜುಕಿ ಸಂಸ್ಥೆಯು 2016ರಲ್ಲಿ ಸೂಪರ್ ಕ್ಯಾರಿ ವಾಹನವನ್ನು ಡೀಸೆಲ್ ಎಂಜಿನ್‌ನೊಂದಿಗೂ ತಂದಿತ್ತು. 2020ರಲ್ಲಿ ಡೀಸೆಲ್ ಮಾದರಿಯನ್ನು ಕೈಬಿಟ್ಟಿತು.

ಒಂದು ಟನ್ನಿಗಿಂತ ಹೆಚ್ಚು ಭಾರ ಹೊರುವ ಬೊಲೆರೊ ಪಿಕಪ್‌ನಂತಹ ವಾಹನಗಳಲ್ಲಿ ಇಂದಿಗೂ ಡೀಸೆಲ್ ಪ್ರಧಾನವಾಗಿದೆ. ಹೀಗಾಗಿ ಡೀಸೆಲ್ ಅಥವಾ ಪೆಟ್ರೋಲ್ ಎಂಬ ಆಯ್ಕೆಯು ವಾಸ್ತವವಾಗಿ ಒಂದು ಟನ್ನಿನೊಳಗಿನ ವಾಹನಗಳಿಗೆ ಮಾತ್ರ ಅನ್ವಯಿಸುತ್ತದೆ. ದೊಡ್ಡ ಡೀಸೆಲ್ ಪಿಕಪ್ ಮಾರಿ ಪೆಟ್ರೋಲ್ ವಾಹನ ಕೊಳ್ಳುವವರು ಇಂಧನದ ಜೊತೆಗೆ ಹೊರೆಯ ಸಾಮರ್ಥ್ಯವನ್ನೂ ಬದಲಿಸಿದಂತಾಗುತ್ತದೆ.

ಎಂಜಿನ್‌ಗಳ ವ್ಯತ್ಯಾಸ

ಪೆಟ್ರೋಲ್ ಎಂಜಿನ್‌ನಲ್ಲಿ ಇಂಧನ ಮತ್ತು ಗಾಳಿಯ ಮಿಶ್ರಣಕ್ಕೆ ಸ್ಪಾರ್ಕ್ ಪ್ಲಗ್ ಕಿಡಿ ಹೊತ್ತಿಸುತ್ತದೆ. ಡೀಸೆಲ್ ಎಂಜಿನ್‌ನಲ್ಲಿ ಗಾಳಿಯನ್ನು ಬಲವಾಗಿ ಒತ್ತಿದಾಗ ಉಂಟಾಗುವ ಶಾಖದಿಂದಲೇ ಇಂಧನ ಉರಿಯುತ್ತದೆ. ಪೆಟ್ರೋಲ್ ಎಂಜಿನ್‌ನಲ್ಲಿ ಗಾಳಿಯನ್ನು ಸಾಮಾನ್ಯವಾಗಿ 9ರಿಂದ 11 ಪಟ್ಟು ಒತ್ತಿದರೆ, ಡೀಸೆಲ್ ಎಂಜಿನ್‌ನಲ್ಲಿ 15ರಿಂದ 22 ಪಟ್ಟು ಒತ್ತಲಾಗುತ್ತದೆ. ಇದಲ್ಲದೆ ಒಂದು ಲೀಟರ್ ಡೀಸೆಲ್‌ನಲ್ಲಿ ಒಂದು ಲೀಟರ್ ಪೆಟ್ರೋಲ್‌ಗಿಂತ ಶೇ. 10ಕ್ಕೂ ಹೆಚ್ಚು ಶಕ್ತಿ ಇದೆ. ಈ ಎರಡು ಕಾರಣಗಳಿಂದ ಡೀಸೆಲ್ ವಾಹನವು ಲೀಟರಿಗೆ ಹೆಚ್ಚು ದೂರ ಓಡುತ್ತದೆ. ಆದರೆ ಹೆಚ್ಚಿನ ಒತ್ತಡ ತಾಳಲು ಅದರ ಎಂಜಿನ್ ಗಟ್ಟಿಯಾಗಿರಬೇಕು. ಆದ್ದರಿಂದ ತಯಾರಿಕೆಯ ವೆಚ್ಚ ಹೆಚ್ಚು.

ಡೀಸೆಲ್ ವಾಹನಕ್ಕೆ ಎಳೆಯುವ ಶಕ್ತಿ ಯಾವಾಗಲೂ ಹೆಚ್ಚು ಎಂಬುದು ವ್ಯಾಪಕ ನಂಬಿಕೆ. ಟರ್ಬೊ ಅಳವಡಿಸಿದ ದೊಡ್ಡ ಎಂಜಿನ್‌ಗಳ ಮಟ್ಟಿಗೆ ಇದು ನಿಜ. ಚಿಕ್ಕ ವಾಹನಗಳಲ್ಲಿ ಮಾತ್ರ ಪ್ರತಿ ಮಾದರಿಯನ್ನೂ ಬೇರೆಯಾಗಿಯೇ ನೋಡಬೇಕಾಗುತ್ತದೆ. ಮೊದಲ ಟಾಟಾ ಏಸ್‌ನ ಡೀಸೆಲ್ ಎಂಜಿನ್ ಸುಮಾರು 16 ಅಶ್ವಶಕ್ತಿಯದ್ದಾಗಿದ್ದರೆ, 2020ರ ನಂತರ ಬಂದ 694 ಸಿ.ಸಿ. ಪೆಟ್ರೋಲ್ ಎಂಜಿನ್ ಸುಮಾರು 30 ಅಶ್ವಶಕ್ತಿಯದ್ದಾಗಿದೆ.

ಇಂಧನ ಬೆಲೆಯ ಅಂತರ

ಡೀಸೆಲ್ ಅಗ್ಗ ಎಂಬ ಭಾವನೆ ಸರ್ಕಾರ ಬೆಲೆಯನ್ನು ನಿಯಂತ್ರಿಸುತ್ತಿದ್ದ ಕಾಲದ್ದು. 2010ರ ಜೂನ್‌ನಲ್ಲಿ ಪೆಟ್ರೋಲ್ ಬೆಲೆಯ ನಿಯಂತ್ರಣವನ್ನು ತೆಗೆಯಲಾಯಿತು. ಡೀಸೆಲ್ ಬೆಲೆಯ ನಿಯಂತ್ರಣ 2014ರ ಅಕ್ಟೋಬರ್‌ವರೆಗೆ ಮುಂದುವರಿಯಿತು. ಈ ನಡುವಿನ ಅವಧಿಯಲ್ಲಿ ಅಂತರ ಬಹಳ ಹಿಗ್ಗಿತು. 2012ರ ಮೇ ಕೊನೆಯಲ್ಲಿ ದೆಹಲಿಯಲ್ಲಿ ಪೆಟ್ರೋಲ್ ಲೀಟರಿಗೆ ರೂ. 73.18 ಇದ್ದರೆ ಡೀಸೆಲ್ ರೂ. 40.91 ಇತ್ತು. 2017ರ ಜೂನ್ 16ರಿಂದ ದೇಶದಾದ್ಯಂತ ದರಗಳ ದೈನಂದಿನ ಪರಿಷ್ಕರಣೆ ಜಾರಿಗೆ ಬಂದಿತು. 2020ರ ಜೂನ್‌ನಲ್ಲಿ ದೆಹಲಿಯಲ್ಲಿ ಡೀಸೆಲ್ ಬೆಲೆ ಮೊದಲ ಬಾರಿಗೆ ಪೆಟ್ರೋಲ್ ಬೆಲೆಯನ್ನು ಮೀರಿತು.

ಕರ್ನಾಟಕ ಸರ್ಕಾರವು 2025ರ ಏಪ್ರಿಲ್ 1ರಿಂದ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ. 18.44ರಿಂದ ಶೇ. 21.17ಕ್ಕೆ ಹೆಚ್ಚಿಸಿತು. ಆಗ ಬೆಂಗಳೂರಿನಲ್ಲಿ ಡೀಸೆಲ್ ರೂ. 91ರ ಮತ್ತು ಪೆಟ್ರೋಲ್ ರೂ. 103ರ ಆಸುಪಾಸಿನಲ್ಲಿತ್ತು. ಸಾಗಾಣಿಕೆ ವೆಚ್ಚದ ಕಾರಣ ಊರಿಂದ ಊರಿಗೆ ದರದಲ್ಲಿ ಅಲ್ಪ ವ್ಯತ್ಯಾಸವಿರುತ್ತದೆ. 2012ರಲ್ಲಿ ದೆಹಲಿಯಲ್ಲಿ ರೂ. 32ರಷ್ಟಿದ್ದ ಅಂತರಕ್ಕೆ ಹೋಲಿಸಿದರೆ ಇಲ್ಲಿನ ಅಂತರ ಸುಮಾರು ರೂ. 12 ಮಾತ್ರ.

ಬಿಎಸ್-6 ನಿಯಮ ಮತ್ತು ನಿರ್ವಹಣೆ

2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿಎಸ್-6 ಹೊಗೆ ನಿಯಮ ಜಾರಿಯಾಯಿತು. ಇಂಧನದಲ್ಲಿರಬಹುದಾದ ಗಂಧಕದ ಮಿತಿ ಹತ್ತು ಲಕ್ಷಕ್ಕೆ 50 ಭಾಗದಿಂದ 10 ಭಾಗಕ್ಕೆ ಇಳಿಯಿತು. ಡೀಸೆಲ್ ವಾಹನಗಳ ಹೊಗೆಯನ್ನು ಶುದ್ಧಗೊಳಿಸಲು ಹೆಚ್ಚಿನ ಉಪಕರಣಗಳು ಬೇಕಾದವು. ಇದರಿಂದ ಅವುಗಳ ಬೆಲೆಯೂ ನಿರ್ವಹಣಾ ವೆಚ್ಚವೂ ಏರಿದವು.

ಇವುಗಳಲ್ಲಿ ಡಿಪಿಎಫ್ ಎಂಬ ಮಸಿ ಸೋಸುವ ಜಾಲರಿ ಮುಖ್ಯವಾದುದು. ಇದರಲ್ಲಿ ಸಂಗ್ರಹವಾದ ಮಸಿಯು ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟುಹೋಗುತ್ತದೆ. ಹೆದ್ದಾರಿಯಲ್ಲಿ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಿದರೆ ಈ ಕ್ರಿಯೆ ಸುಲಭವಾಗಿ ನಡೆಯುತ್ತದೆ. ಪೇಟೆಯೊಳಗೆ ಅಂಗಡಿಯಿಂದ ಅಂಗಡಿಗೆ ನಿಂತು ನಿಂತು ಸಾಗುವ ವಾಹನದಲ್ಲಿ ಅಷ್ಟು ಶಾಖ ಉಂಟಾಗದೆ ಜಾಲರಿ ಕಟ್ಟಿಕೊಳ್ಳುವ ಸಂಭವವಿದೆ. ಆದುದರಿಂದ ಪಟ್ಟಣದೊಳಗಿನ ಕಿರುದೂರದ ಬಾಡಿಗೆಗೆ ಪೆಟ್ರೋಲ್ ವಾಹನ ಹೆಚ್ಚು ಸೂಕ್ತವೆನಿಸುತ್ತದೆ.

ಪೆಟ್ರೋಲ್‌ಗೂ ಅದರದೇ ಮಿತಿಗಳಿವೆ. ಈಗ ದೊರೆಯುವ ಪೆಟ್ರೋಲ್‌ನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ. ಕೇಂದ್ರ ಸರ್ಕಾರದ 2021ರ ಮಾರ್ಗಸೂಚಿ ವರದಿಯು ಇದರಿಂದ ಹಳೆಯ ವಿನ್ಯಾಸದ ನಾಲ್ಕು ಚಕ್ರದ ವಾಹನಗಳ ಮೈಲೇಜ್ ಶೇ. 6–7ರಷ್ಟು, ಈ ಮಿಶ್ರಣಕ್ಕೆ ಹೊಂದಿಸಿದ ವಾಹನಗಳ ಮೈಲೇಜ್ ಶೇ. 1–2ರಷ್ಟು ಕಡಿಮೆಯಾಗಬಹುದೆಂದು ಅಂದಾಜಿಸಿತ್ತು. ಎಥೆನಾಲ್ ತೇವವನ್ನು ಹೀರಿಕೊಳ್ಳುವುದರಿಂದ ಮಳೆಗಾಲದಲ್ಲಿ ವಾಹನವನ್ನು ವಾರಗಟ್ಟಲೆ ನಿಲ್ಲಿಸುವವರು ಟ್ಯಾಂಕಿನ ಮುಚ್ಚಳ ಭದ್ರವಾಗಿದೆಯೇ ಎಂದು ನೋಡಿಕೊಳ್ಳುವುದು ಒಳಿತು.

ವಾರ್ಷಿಕ ಲೆಕ್ಕಾಚಾರ

ಕೆಳಗಿನ ಲೆಕ್ಕವು ವಿಧಾನವನ್ನು ತಿಳಿಸಲು ಊಹಿಸಿದ ಉದಾಹರಣೆಯಾಗಿದೆ. ಡೀಸೆಲ್ ರೂ. 91, ಮೈಲೇಜ್ ಲೀಟರಿಗೆ 20 ಕಿ.ಮೀ.; ಪೆಟ್ರೋಲ್ ರೂ. 103, ಮೈಲೇಜ್ 16 ಕಿ.ಮೀ. ಎಂದಿಟ್ಟುಕೊಂಡರೆ ಪ್ರತಿ ಕಿ.ಮೀ. ಖರ್ಚು ಕ್ರಮವಾಗಿ ರೂ. 4.55 ಮತ್ತು ರೂ. 6.44 ಆಗುತ್ತದೆ. ಅಂದರೆ ಡೀಸೆಲ್ ವಾಹನದಲ್ಲಿ ಕಿ.ಮೀ.ಗೆ ರೂ. 1.89 ಉಳಿತಾಯ. ಡೀಸೆಲ್ ವಾಹನದ ಬೆಲೆ ರೂ. 60,000 ಹೆಚ್ಚು ಮತ್ತು ಅದರ ವಾರ್ಷಿಕ ನಿರ್ವಹಣೆ ರೂ. 15,000 ಹೆಚ್ಚು ಎಂದು ಭಾವಿಸೋಣ.

• ವರ್ಷಕ್ಕೆ 7,500 ಕಿ.ಮೀ. ಓಡಿದರೆ ಇಂಧನದ ಉಳಿತಾಯ ರೂ. 14,175. ಇದು ಹೆಚ್ಚುವರಿ ನಿರ್ವಹಣಾ ವೆಚ್ಚಕ್ಕೂ ಸಾಲದು. ಇಲ್ಲಿ ಪೆಟ್ರೋಲ್ ಲಾಭಕರ.
• 15,000 ಕಿ.ಮೀ. ಓಡಿದರೆ ನಿವ್ವಳ ಉಳಿತಾಯ ರೂ. 13,350. ಹೆಚ್ಚುವರಿ ಬೆಲೆ ಮರಳಲು ಸುಮಾರು ನಾಲ್ಕೂವರೆ ವರ್ಷ ಬೇಕು.
• 30,000 ಕಿ.ಮೀ. ಓಡಿದರೆ ನಿವ್ವಳ ಉಳಿತಾಯ ರೂ. 41,700. ಒಂದೂವರೆ ವರ್ಷದೊಳಗೆ ಹೆಚ್ಚುವರಿ ಬೆಲೆ ಮರಳುತ್ತದೆ. ಇಲ್ಲಿ ಡೀಸೆಲ್ ಲಾಭಕರ.

ಸುಗ್ಗಿಯ ದಿನಗಳ ಓಟವನ್ನೇ ಇಡೀ ವರ್ಷಕ್ಕೆ ಅನ್ವಯಿಸುವುದು ಈ ಲೆಕ್ಕದಲ್ಲಿ ಆಗುವ ದೊಡ್ಡ ತಪ್ಪು. ಒಬ್ಬ ಮಾಲೀಕನ ವಾಹನವು ಸುಗ್ಗಿಯ 100 ದಿನ ದಿನಕ್ಕೆ 90 ಕಿ.ಮೀ. ಓಡುತ್ತದೆಂದು ತಿಳಿಯೋಣ. ಅದೇ ಓಟವನ್ನು 300 ದಿನಗಳಿಗೆ ಗುಣಿಸಿದರೆ 27,000 ಕಿ.ಮೀ. ಆಗಿ, ಡೀಸೆಲ್‌ನ ಹೆಚ್ಚುವರಿ ಬೆಲೆ 20 ತಿಂಗಳಲ್ಲಿ ಮರಳುವಂತೆ ತೋರುತ್ತದೆ. ಉಳಿದ 200 ದಿನ ವಾಹನವು ದಿನಕ್ಕೆ 20 ಕಿ.ಮೀ. ಮಾತ್ರ ಓಡಿದರೆ ವರ್ಷದ ಒಟ್ಟು ಓಟ 13,000 ಕಿ.ಮೀ. ಆಗುತ್ತದೆ. ಆಗ ಅದೇ ಹಣ ಮರಳಲು ಆರು ವರ್ಷಕ್ಕೂ ಹೆಚ್ಚು ಕಾಲ ಬೇಕು. ಐದು ವರ್ಷದ ಸಾಲ ತೆಗೆದವರ ಕಂತು ಮುಗಿದರೂ ಲಾಭ ಆರಂಭವಾಗಿರುವುದಿಲ್ಲ.

ಹೊರೆಯ ಸ್ವರೂಪ

75 ಕೆ.ಜಿ. ತೂಕದ ಹತ್ತು ಚೀಲ ಭತ್ತವೆಂದರೆ 750 ಕೆ.ಜಿ.; ಟಾಟಾ ಏಸ್‌ನಂತಹ ವಾಹನಕ್ಕೆ ಅದು ಪೂರ್ಣ ಹೊರೆ. ಬಿಡಿ ಹತ್ತಿಯು ಹಗುರವಾದುದರಿಂದ ತೂಕಕ್ಕಿಂತ ಮೊದಲು ಜಾಗ ತುಂಬುತ್ತದೆ. ನಿತ್ಯವೂ ಭತ್ತ, ಸಿಮೆಂಟ್ ಅಥವಾ ಕಲ್ಲು ಹೇರುವವರಿಗೆ ದೊಡ್ಡ ಡೀಸೆಲ್ ಪಿಕಪ್ ಅನಿವಾರ್ಯವಾಗಬಹುದು. ಕಿರಾಣಿ, ತರಕಾರಿ, ಹಾಲು ಮುಂತಾದವುಗಳಿಗೆ ಚಿಕ್ಕ ಪೆಟ್ರೋಲ್ ವಾಹನ ಸಾಕಾಗುತ್ತದೆ. ನಿಗದಿತ ಮಿತಿಗಿಂತ ಹೆಚ್ಚು ಹೇರಿದರೆ ಯಾವ ಇಂಧನದ ವಾಹನವಾದರೂ ಮೈಲೇಜ್ ಕುಸಿಯುತ್ತದೆ, ದಂಡಕ್ಕೂ ಗುರಿಯಾಗಬೇಕಾಗುತ್ತದೆ.

ಹಳೆಯ ವಾಹನ ಬದಲಿಸುವಾಗ

ಈಗಾಗಲೇ ಡೀಸೆಲ್ ವಾಹನ ಹೊಂದಿದವರ ಲೆಕ್ಕ ಹೊಸದಾಗಿ ಕೊಳ್ಳುವವರ ಲೆಕ್ಕಕ್ಕಿಂತ ಭಿನ್ನ. ಸುಸ್ಥಿತಿಯಲ್ಲಿರುವ, ಸಾಲ ತೀರಿದ ವಾಹನವನ್ನು ಮಾರಿ ಹೊಸ ಸಾಲ ಮಾಡಿದರೆ ಬಡ್ಡಿ ಮತ್ತು ವಿಮೆಯ ಹೊರೆ ಸೇರುತ್ತದೆ. ನಿರ್ವಹಣೆಯಲ್ಲಿ ಆಗುವ ಉಳಿತಾಯ ಇದನ್ನು ಸರಿದೂಗಿಸುವುದು ಕಷ್ಟ. ಎಂಜಿನ್ ಬಿಚ್ಚಿ ದುರಸ್ತಿ ಮಾಡಿಸುವ ದೊಡ್ಡ ಖರ್ಚು ಎದುರಾದಾಗ ಬದಲಾವಣೆಯನ್ನು ಯೋಚಿಸುವುದು ಸೂಕ್ತ.

ದೆಹಲಿ ರಾಜಧಾನಿ ಪ್ರದೇಶದಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳ ಮೇಲೆ ಹೊರಡಿಸಿದ ನಿರ್ಬಂಧ ಕರ್ನಾಟಕಕ್ಕೆ ಅನ್ವಯಿಸುವುದಿಲ್ಲ. ಇಲ್ಲಿ ಸರಕು ವಾಹನಗಳಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ನಂತರ ಪ್ರತಿವರ್ಷ ಅರ್ಹತಾ ಪತ್ರ ಪಡೆಯುವ ನಿಯಮವಿದೆ. ಡೀಸೆಲ್ ಎಂಜಿನ್ ತೆಗೆದು ಪೆಟ್ರೋಲ್ ಎಂಜಿನ್ ಕೂರಿಸುವುದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ವ್ಯಾಪ್ತಿಗೆ ಬರುವುದರಿಂದ ಅನುಮತಿಯಿಲ್ಲದೆ ಮಾಡುವಂತಿಲ್ಲ. ವಾಹನ ಮಾರುವಾಗ ಮಾಲೀಕತ್ವ ವರ್ಗಾವಣೆಗೆ ನಮೂನೆ 29 ಮತ್ತು 30, ಸಾಲದ ನಮೂದು ತೆಗೆಸಲು ನಮೂನೆ 35 ಸಲ್ಲಿಸಬೇಕು.

ನಿರ್ಧಾರಕ್ಕೆ ಮುನ್ನ ಪ್ರತಿ ತಿಂಗಳ ಮೊದಲ ದಿನ ವಾಹನದ ಕಿಲೋಮೀಟರ್ ಅಂಕಿಯನ್ನು, ತುಂಬಿಸಿದ ಇಂಧನವನ್ನು ಮತ್ತು ದುರಸ್ತಿಯ ಖರ್ಚನ್ನು ಒಂದು ಪುಸ್ತಕದಲ್ಲಿ ಹನ್ನೆರಡು ತಿಂಗಳು ಬರೆದಿಟ್ಟರೆ, ಮೇಲಿನ ಉದಾಹರಣೆಯ ಊಹೆಯ ಅಂಕಿಗಳ ಜಾಗದಲ್ಲಿ ಮಾಲೀಕನು ತನ್ನದೇ ನಿಜವಾದ ಅಂಕಿಗಳನ್ನು ಇಟ್ಟು ಲೆಕ್ಕ ಹಾಕಬಹುದು.