ಕಣ್ಮರೆಯಾದ ದೋಣಿ ಝೂಮ್ ಮಾಡಿದಾಗ ಮತ್ತೆ ಕಂಡರೆ ಭೂಮಿ ಚಪ್ಪಟೆಯೇ?

ಶಾಲಾ ಪ್ರವಾಸದ ದಿನಗಳು ಬಂದರೆ ಯಾದಗಿರಿ, ಶಹಾಪುರ, ಸುರಪುರದ ಕಡೆಯಿಂದಲೂ ಬಸ್ಸುಗಳು ಗೋಕರ್ಣ, ಮುರ್ಡೇಶ್ವರದತ್ತ ಹೊರಡುತ್ತವೆ. ರಾತ್ರಿಯಿಡೀ ಪ್ರಯಾಣ ಮಾಡಿ, ಬೆಳಿಗ್ಗೆ ಎದ್ದು ಜೀವನದಲ್ಲಿ ಮೊದಲ ಸಲ ಸಮುದ್ರ ನೋಡುವ ಮಕ್ಕಳು ಅದರಲ್ಲಿರುತ್ತಾರೆ. ಹೀಗೆ ಹೊರಡಲಿರುವ ಶಹಾಪುರ ಕಡೆಯ ಶಿಕ್ಷಕರೊಬ್ಬರು ನಮಗೊಂದು ವಿಡಿಯೊ ಕಳಿಸಿ ಕೇಳಿದರು: “ಪುಸ್ತಕದಾಗಿನದು ಸುಳ್ಳೇನ್ರಿ ಸರ್ ಅಂತ ಹುಡುಗರು ಕೇಳ್ಲಕತ್ತಾರ. ಏನ್ ಹೇಳಬೇಕ್ರಿ?”

ವಿಡಿಯೊದಲ್ಲಿ ಏನಿದೆ?

ದೋಣಿಯೊಂದು ದೂರ ಹೋಗುತ್ತಾ ಹೋಗುತ್ತಾ ಕಾಣದಾಗುತ್ತದೆ. ಆಗ ಕ್ಯಾಮೆರಾ ಝೂಮ್ ಆಗುತ್ತದೆ, ದೋಣಿ ಮತ್ತೆ ಪ್ರತ್ಯಕ್ಷ! “ಭೂಮಿ ದುಂಡಗಿದ್ದರೆ ದೋಣಿ ಕೆಳಗಿಳಿದು ಮರೆಯಾಗಬೇಕಿತ್ತು. ಝೂಮ್ ಮಾಡಿದರೆ ವಾಪಸ್ ಬಂತಲ್ಲ? ಶಾಲೆಯಲ್ಲಿ ಕಲಿಸಿದ್ದು ಸುಳ್ಳು” ಎಂಬುದು ವಿಡಿಯೊದ ವಾದ.

ದೃಶ್ಯವನ್ನು ಯಾರೂ ತಿರುಚಬೇಕಾಗಿಲ್ಲ. ದೂರದ ದೋಣಿ ಝೂಮ್‌ನಲ್ಲಿ ನಿಜಕ್ಕೂ ಮತ್ತೆ ಕಾಣುತ್ತದೆ. ತಪ್ಪಿರುವುದು ಅದಕ್ಕೆ ಕೊಟ್ಟ ವಿವರಣೆಯಲ್ಲಿ.

ಝೂಮ್ ಮಾಡಿದರೆ ನಾವು ಹತ್ತಿರ ಹೋದಂತಾಗುತ್ತದೆಯೇ?

ಕೈಯಲ್ಲಿ ಹಿಡಿಯುವ ಚಿಕ್ಕ ಕ್ಯಾಮೆರಾಗಳಲ್ಲೂ ಈಗ 30–40 ಪಟ್ಟು ಆಪ್ಟಿಕಲ್ ಝೂಮ್ ಸಿಗುತ್ತದೆ. 2015ರಲ್ಲಿ ಬಂದ ನಿಕಾನ್ ಪಿ900 ಕ್ಯಾಮೆರಾದಲ್ಲಿ ಅದು 83 ಪಟ್ಟು. ಆದರೆ ಝೂಮ್ ಮಾಡುವುದೆಂದರೆ ನಿಂತಲ್ಲಿಂದ ಕಾಣುವ ನೋಟದ ಒಂದು ಚಿಕ್ಕ ಭಾಗವನ್ನು ದೊಡ್ಡದು ಮಾಡುವುದು ಅಷ್ಟೇ.

ಶಹಾಪುರದ ಬೆಟ್ಟವನ್ನೇ ನೋಡಿ. ದೂರದಿಂದ ನೋಡಿದರೆ ಅದು ಮಲಗಿದ ಬುದ್ಧ. ಅಲ್ಲಿಂದಲೇ ಎಷ್ಟು ಝೂಮ್ ಮಾಡಿದರೂ ಬುದ್ಧ ಬುದ್ಧನಾಗಿಯೇ ಇರುತ್ತಾನೆ, ದೊಡ್ಡದಾಗಿ ಕಾಣುತ್ತಾನೆ. ಅದೇ ನೀವು ನಡೆದು ಬೆಟ್ಟದ ಬುಡಕ್ಕೆ ಹೋಗಿ ನೋಡಿ, ಬುದ್ಧ ಮಾಯವಾಗಿ ಬರೀ ಬಂಡೆಗಳು ಉಳಿಯುತ್ತವೆ. ಯಾವುದು ಯಾವುದರ ಹಿಂದೆ ಮರೆಯಾಗುತ್ತದೆ ಎಂಬುದನ್ನು ತೀರ್ಮಾನಿಸುವುದು ನೀವು ನಿಂತ ಜಾಗ. ಲೆನ್ಸ್ ಅದನ್ನು ಬದಲಿಸಲಾರದು.

ಕಾಣದಾಗಲು ಎರಡು ಕಾರಣ

ಒಂದು, ವಸ್ತು ತೀರಾ ಚಿಕ್ಕದಾಗಿ ಕಾಣುವುದು. ನಮ್ಮ ಕಣ್ಣು ಸಾಮಾನ್ಯವಾಗಿ ಒಂದು ಡಿಗ್ರಿಯ 60ನೇ ಒಂದು ಭಾಗಕ್ಕಿಂತ ಸಣ್ಣ ವಿವರವನ್ನು ಬಿಡಿಸಿ ನೋಡಲಾರದು. 4 ಕಿಲೋಮೀಟರ್ ದೂರದಲ್ಲಿ ಅದು ಸುಮಾರು 1.2 ಮೀಟರ್. ಹಾಗಾಗಿ ಸಣ್ಣ ಮೀನುದೋಣಿಯೊಂದು ಅಷ್ಟು ದೂರ ಹೋದರೆ ಬಿಸಿಲಿನ ಹೊಳಪು, ಮಬ್ಬಿನಲ್ಲಿ ಕರಗಿಹೋಗುತ್ತದೆ. ಅದಿನ್ನೂ ನೀರಿನ ಗೆರೆಯ ಈಚೆಗೇ ಇರುತ್ತದೆ. ಝೂಮ್ ಇಂಥ ದೋಣಿಯನ್ನು ಮತ್ತೆ ತೋರಿಸುತ್ತದೆ. ಫಾರ್ವರ್ಡ್ ಆದ ವಿಡಿಯೊದಲ್ಲಿ ಇರುವುದು ಇದೇ.

ಎರಡು, ನೀರಿನ ಉಬ್ಬಿನ ಹಿಂದೆ ಮರೆಯಾಗುವುದು. ದಡದ ಮರಳಿನಲ್ಲಿ ನಿಂತಾಗ ಕಣ್ಣಿನ ಎತ್ತರ 1.5 ಮೀಟರ್ ಎಂದುಕೊಂಡರೆ, ನೀರು ಮತ್ತು ಆಕಾಶ ಸೇರಿದಂತೆ ಕಾಣುವ ದಿಗಂತದ ಗೆರೆ ಸುಮಾರು ನಾಲ್ಕೂವರೆ ಕಿಲೋಮೀಟರ್ ದೂರದಲ್ಲಿರುತ್ತದೆ. ಅದರಾಚೆಗೆ ಹೋದ ಹಡಗಿನ ಬುಡ ಮೊದಲು ಮರೆಯಾಗುತ್ತದೆ, ತುದಿ ಕೊನೆಗೆ. ಹೀಗೆ ಮರೆಯಾದ ಬುಡವನ್ನು ಯಾವ ಝೂಮ್ ಕೂಡ ತೋರಿಸಲಾರದು. ಗಾಳಿಯ ಪದರಗಳಲ್ಲಿ ಬೆಳಕು ಬಾಗುವುದರಿಂದ ಕೆಲವು ದಿನ ಸ್ವಲ್ಪ ಹೆಚ್ಚು ದೂರ ಕಾಣಬಹುದು, ಮರೀಚಿಕೆಯೂ ಕಾಣಬಹುದು. ಒಂದೇ ವಿಡಿಯೊ ನೋಡಿ ತೀರ್ಮಾನಕ್ಕೆ ಬರಬಾರದು ಎನ್ನಲು ಅದೂ ಒಂದು ಕಾರಣ.

ಮುರ್ಡೇಶ್ವರದಲ್ಲಿ ನೀವೇ ಪರೀಕ್ಷಿಸಿ

ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ಸಮುದ್ರದಲ್ಲಿ ನೇತ್ರಾಣಿ ದ್ವೀಪವಿದೆ. ಆಕಾಶ ತಿಳಿಯಾಗಿರುವ ದಿನ ಮರಳಿನ ಮೇಲೆ ನಿಂತು ಪೂರ್ತಿ ಝೂಮ್ ಮಾಡಿ ಅದರ ಫೋಟೊ ತೆಗೆಯಿರಿ. ಲೆಕ್ಕದ ಪ್ರಕಾರ ದ್ವೀಪದ ಕೆಳಗಿನ ಸುಮಾರು 15 ಮೀಟರ್, ಅಂದರೆ ನಾಲ್ಕೈದು ಅಂತಸ್ತಿನ ಕಟ್ಟಡದಷ್ಟು ಭಾಗ, ನೀರಿನ ಗೆರೆಯ ಹಿಂದೆ ಅಡಗಿರುತ್ತದೆ.

ನಂತರ ದೇವಸ್ಥಾನದ 20 ಅಂತಸ್ತಿನ ರಾಜಗೋಪುರಕ್ಕೆ ಲಿಫ್ಟಿನಲ್ಲಿ ಹೋಗಿ, ಮೇಲಿನಿಂದ ಅಷ್ಟೇ ಝೂಮ್‌ನಲ್ಲಿ ಮತ್ತೊಂದು ಫೋಟೊ ತೆಗೆಯಿರಿ. 50 ಮೀಟರ್ ಎತ್ತರಕ್ಕೆ ಹೋದರೆ ದಿಗಂತ ಸುಮಾರು 25 ಕಿಲೋಮೀಟರ್ ದೂರ ಸರಿಯುತ್ತದೆ. ಈಗ ದ್ವೀಪದ ಬುಡವೂ ಕಾಣಬೇಕು. ಭೂಮಿ ಚಪ್ಪಟೆಯಾಗಿದ್ದರೆ ಎರಡೂ ಫೋಟೊಗಳಲ್ಲಿ ಬುಡ ಕಾಣಬೇಕಿತ್ತು.

ಫೋಟೊ ಚೆನ್ನಾಗಿ ಬರಲು ನಾಲ್ಕು ಮಾತು:

• ಬೆಳಿಗ್ಗೆ ತೆಗೆಯಿರಿ. ನಮ್ಮ ಕರಾವಳಿಯಲ್ಲಿ ಸಮುದ್ರ ಪಶ್ಚಿಮಕ್ಕಿದೆ, ಆದ್ದರಿಂದ ಬೆಳಗಿನ ಸೂರ್ಯ ನಿಮ್ಮ ಬೆನ್ನಿಗಿರುತ್ತಾನೆ.
• ಡಿಜಿಟಲ್ ಝೂಮ್ ಆಫ್ ಮಾಡಿ. ಅದು ಚಿತ್ರವನ್ನು ಕತ್ತರಿಸಿ ಹಿಗ್ಗಿಸುತ್ತದೆ, ಹೊಸ ವಿವರ ಕೊಡುವುದಿಲ್ಲ.
• ಕ್ಯಾಮೆರಾವನ್ನು ಗೋಡೆಗೋ ಬ್ಯಾಗಿಗೋ ಆನಿಸಿ. ಹೆಚ್ಚು ಝೂಮ್‌ನಲ್ಲಿ ಕೈಯ ಚಿಕ್ಕ ನಡುಕವೂ ಚಿತ್ರ ಕೆಡಿಸುತ್ತದೆ.
• ಸೂರ್ಯಾಸ್ತಕ್ಕೆ ಮುಂಚಿನ ಉರಿ ಸೂರ್ಯನತ್ತ ಝೂಮ್ ಮಾಡಬೇಡಿ. ಕ್ಯಾಮೆರಾ ಹಾಳಾಗಬಹುದು. ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಗಾಜಿನದಾಗಿದ್ದರೆ ಕಣ್ಣಿಗೂ ಅಪಾಯ.

ನೀರಿಗೆ ಇಳಿದು ಫೋಟೊ ಬೇಡ

ಇದೇ ಲೆಕ್ಕದಲ್ಲಿ ಇನ್ನೊಂದು ಪಾಠವೂ ಇದೆ. ದೂರದ ದೋಣಿ ದೊಡ್ಡದಾಗಿ ಬರಲಿ ಎಂದು ನೀರಿನೊಳಗೆ ಹತ್ತು ಹೆಜ್ಜೆ ಇಟ್ಟರೆ ಸಿಗುವುದೇನೂ ಇಲ್ಲ. ನಾಲ್ಕು ಕಿಲೋಮೀಟರ್ ದೂರದ ಮುಂದೆ ಹತ್ತು ಹೆಜ್ಜೆ ಯಾವ ಲೆಕ್ಕ? ಅಲೆಯ ಮುಂದೆ ಮಾತ್ರ ಆ ಹತ್ತು ಹೆಜ್ಜೆ ದೊಡ್ಡ ವಿಷಯ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ಶಾಲಾ ಬಾಲಕಿಯರು ಮುರ್ಡೇಶ್ವರದ ಸಮುದ್ರದಲ್ಲೇ ಮುಳುಗಿ ಜೀವ ಕಳೆದುಕೊಂಡರು. ಕೆರೆ, ಕಾಲುವೆ ನೋಡಿ ಬೆಳೆದ ನಮ್ಮ ಕಡೆಯ ಮಕ್ಕಳಿಗೆ ಅಲೆಯ ಸೆಳೆತ ಗೊತ್ತಿರುವುದಿಲ್ಲ. ಝೂಮ್ ಇರುವುದೇ ದೂರ ನಿಂತು ತೆಗೆಯಲು. ಒಣ ಮರಳಿನಲ್ಲೇ ನಿಂತು ತೆಗೆಯಿರಿ.

ಶಿಕ್ಷಕರಿಗೆ ನಾವು ಕೊಟ್ಟ ಉತ್ತರ ಇಷ್ಟೇ: ಪುಸ್ತಕ ಸುಳ್ಳಲ್ಲ. ಆದರೆ ಮಕ್ಕಳನ್ನು ಸುಮ್ಮನಿರಿ ಎನ್ನಬೇಡಿ. ಕ್ಯಾಮೆರಾ ಕೊಟ್ಟು ಎರಡು ಫೋಟೊ ತೆಗೆಸಿ, ಒಂದು ಕೆಳಗಿನಿಂದ, ಒಂದು ಮೇಲಿನಿಂದ. ಆಮೇಲೆ ಆ ವಿಡಿಯೊ ಬಂದ ಗ್ರೂಪಿಗೇ ಆ ಎರಡು ಫೋಟೊ ಹಾಕಲಿ.