ಮೀನಿನ ತೊಟ್ಟಿ ಹೊರುವ ಮೇಜು

ಖಾಲಿ ಅಕ್ವೇರಿಯಂ ನೋಡಿ ಮೋಸಹೋಗುವುದು ಸುಲಭ. ಬೆಂಗಳೂರಿನ ಶಿವಾಜಿನಗರದ ರಸೆಲ್ ಮಾರ್ಕೆಟ್ ಸುತ್ತಮುತ್ತ ಕೊಂಡ ಎರಡಡಿ ತೊಟ್ಟಿಯನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡೇ ಕೃಷ್ಣರಾಜಪುರಕ್ಕೆ ತರಬಹುದು, ಲಿಫ್ಟ್ ಇಲ್ಲದ ಮನೆಯ ಮೂರನೇ ಮಹಡಿಗೂ ಒಬ್ಬರೇ ಹೊತ್ತು ಹತ್ತಬಹುದು. ಗಾಜಿನ ತೂಕ ಒಂಬತ್ತು-ಹತ್ತು ಕಿಲೋ, ಅಷ್ಟೇ. ಬಾಡಿಗೆ ಮನೆಯಲ್ಲಿ ಅದಕ್ಕೆಂದೇ ಕಬ್ಬಿಣದ ಸ್ಟ್ಯಾಂಡ್ ಮಾಡಿಸುವವರು ಕಡಿಮೆ. ಟಿ.ವಿ. ಗೋಡೆ ಏರಿದ ಮೇಲೆ ಖಾಲಿ ಉಳಿದ ಟಿ.ವಿ. ಯೂನಿಟ್, ಬಾಗಿಲ ಪಕ್ಕದ ಚಪ್ಪಲಿ ರ‍್ಯಾಕ್, ಮಗ ಓದು ಮುಗಿಸಿ ಬಿಟ್ಟ ಕಂಪ್ಯೂಟರ್ ಟೇಬಲ್, ಇವುಗಳಲ್ಲೊಂದು ಮೀನಿನ ಪಾಲಿಗೆ ಬರುತ್ತದೆ.

ಬಕೆಟ್‌ಗಟ್ಟಲೆ ನೀರು ಬಿದ್ದ ಮೇಲೆ ಕಥೆಯೇ ಬೇರೆ. 60 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರದ ತೊಟ್ಟಿ ಹಿಡಿಸುವುದು 54 ಲೀಟರ್. ಲೀಟರಿಗೊಂದು ಕಿಲೋ. ಗಾಜು, ತಳದ ಜಲ್ಲಿ ಸೇರಿದರೆ 70 ಕಿಲೋ ದಾಟುತ್ತದೆ. ಆಸೆ ಬೆಳೆದು ನಾಲ್ಕಡಿಯ ತೊಟ್ಟಿಗೆ ಹೋದರೆ (120, 45, 45 ಸೆಂಟಿಮೀಟರ್) ನೀರೊಂದೇ 240 ಲೀಟರ್, ಒಟ್ಟು ಭಾರ 300 ಕಿಲೋಗೂ ಮೇಲೆ. ನಾಲ್ಕೈದು ಮಂದಿ ದೊಡ್ಡವರು ಹಗಲೂ ರಾತ್ರಿ ಟಿ.ವಿ. ಯೂನಿಟ್ ಮೇಲೆ ಹತ್ತಿ ಕುಳಿತಂತೆ.

ಇಷ್ಟು ಹೇಳಿದರೆ ಎಲ್ಲರೂ ಮೊದಲು ಕಾಲು ನೋಡುತ್ತಾರೆ. ಆದರೆ ಕಾಲು ಭಾರಕ್ಕೆ ನುಜ್ಜಾಗುವುದು ಅಪರೂಪ. ಎರಡಂಗುಲ ಚೌಕದ ಒಂದೇ ಒಂದು ತೇಗದ ಕಾಲು, ನೆಟ್ಟಗೆ ನಿಂತಿರುವವರೆಗೂ, ಟನ್‌ಗಟ್ಟಲೆ ತಾಳಬಲ್ಲದು. ಅಗ್ಗದ ಪಾರ್ಟಿಕಲ್ ಬೋರ್ಡಿನ ಪಕ್ಕದ ಹಲಗೆ ಕೂಡ ಕೆಳಮುಖದ ಭಾರಕ್ಕೆ ಅಷ್ಟು ಬೇಗ ಸೋಲುವುದಿಲ್ಲ. ತೊಂದರೆ ಇರುವುದು "ನೆಟ್ಟಗೆ ನಿಂತಿರುವವರೆಗೂ" ಅನ್ನುವ ಷರತ್ತಿನಲ್ಲಿ. ನಾಲ್ಕು ಹಲಗೆ ಜೋಡಿಸಿದ ಚೌಕಟ್ಟು ಪಕ್ಕಕ್ಕೆ ತಳ್ಳಿದರೆ ವಾಲುತ್ತದೆ, ಚೌಕ ಹೋಗಿ ಓರೆಯಾಗುತ್ತದೆ. ಹೀಗೆ ಓರೆಯಾಗದ ಆಕಾರ ಒಂದೇ, ತ್ರಿಕೋನ. ಕೃಷ್ಣರಾಜಪುರದಲ್ಲಿ ರೈಲು ಹಳಿ ದಾಟಿಸುವ ಹ್ಯಾಂಗಿಂಗ್ ಬ್ರಿಡ್ಜ್ ಮೇಲೆ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಾಗ ತಲೆ ಎತ್ತಿ ನೋಡಿ: ಕಂಬ, ರಸ್ತೆಯ ಹಾಸು, ನಡುವೆ ಓರೆಯಾಗಿ ಇಳಿದ ಕೇಬಲ್‌ಗಳು. ಎಲ್ಲೆಲ್ಲೂ ತ್ರಿಕೋನಗಳೇ.

ಮನೆಯ ಟಿ.ವಿ. ಯೂನಿಟ್‌ನಲ್ಲಿ ಆ ಕೇಬಲ್‌ನ ಕೆಲಸ ಮಾಡುವುದು ಯಾವುದು? ಹಿಂಬದಿಗೆ ಸಣ್ಣ ಮೊಳೆ ಹೊಡೆದು ಕೂರಿಸಿದ ಮೂರು ಮಿಲಿಮೀಟರ್ ದಪ್ಪದ ತೆಳು ಹಲಗೆ. ಧೂಳು ಬರದಿರಲಿ ಎಂದು ಹಾಕಿದ್ದಾರೆ ಅಂದುಕೊಳ್ಳುತ್ತೇವೆ. ಅದು ಹಾಳೆಯಷ್ಟು ತೆಳುವಾದರೂ ತನ್ನ ಸಮತಲದಲ್ಲಿ ಎಳೆತವನ್ನು ಚೆನ್ನಾಗಿ ತಡೆಯುತ್ತದೆ, ಮೂಲೆಯಿಂದ ಮೂಲೆಗೆ ಓರೆ ಪಟ್ಟಿ ಕೊಟ್ಟಷ್ಟೇ ಗಟ್ಟಿ. ಅಕ್ವೇರಿಯಂ ಇಡುವಾಗ ನಾವು ಮಾಡುವ ಮೊದಲ ಕೆಲಸ ಏನು? ಫಿಲ್ಟರಿನ ಪೈಪ್, ವೈರು ಹೋಗಲಿ ಎಂದು ಆ ಹಲಗೆಯನ್ನೇ ಕೊರೆಯುವುದು, ಇಲ್ಲವೇ ಪೂರ್ತಿ ಕಿತ್ತು ಮಂಚದ ಕೆಳಗೆ ತಳ್ಳುವುದು. ಇಡೀ ಯೂನಿಟ್‌ನಲ್ಲಿ ಮುಟ್ಟಬಾರದ ಭಾಗ ಯಾವುದೆಂದು ಕೇಳಿದರೆ ನಾನು ಅದನ್ನೇ ತೋರಿಸುತ್ತೇನೆ. ಪೈಪಿಗೆ ಒಂದು ಸಣ್ಣ ತೂತು ಸಾಕು, ಅದೂ ಅಂಚಿನಿಂದ ದೂರದಲ್ಲಿ.

ಪರೀಕ್ಷೆ ಸುಲಭ. ತೊಟ್ಟಿ ಇಡುವ ಮೊದಲೇ ಯೂನಿಟ್‌ನ ಮೇಲಿನ ಮೂಲೆಯನ್ನು ಎರಡು ಬೆರಳಿನಿಂದ ಉದ್ದಕ್ಕೆ ಅಲುಗಿಸಿ ನೋಡಿ. ಕೀಲಿನಲ್ಲಿ ಕಿರ್ ಎಂದು ಸದ್ದು ಬಂದು ತುದಿ ಓಲಾಡಿದರೆ ಆ ಸಾಮಾನು ಪುಸ್ತಕಕ್ಕೆ ಸರಿ, ನೀರಿಗೆ ಆಗದು. ಕಾರಣ, ನೀರು ಸುಮ್ಮನೆ ಕೂರುವ ಭಾರವಲ್ಲ. ನಾಲ್ಕಡಿ ತೊಟ್ಟಿಯಲ್ಲಿ ಅಲೆ ಈ ತುದಿಯಿಂದ ಆ ತುದಿಗೆ ಹೋಗಿ ಮರಳಲು ಸುಮಾರು 1.4 ಸೆಕೆಂಡ್ ಹಿಡಿಯುತ್ತದೆ, ಎರಡಡಿಯದರಲ್ಲಿ ಒಂದು ಸೆಕೆಂಡಿಗಿಂತ ಸ್ವಲ್ಪ ಕಡಿಮೆ. ಹಳಿಯ ಪಕ್ಕದ ಮನೆಯವರಿಗೆ ರೈಲಿನ ಚಿಂತೆ ಇರುತ್ತದೆ. ಆದರೆ ರೈಲು ನೆಲಕ್ಕೆ ಕೊಡುವ ನಡುಕ ಸೆಕೆಂಡಿಗೆ ಹತ್ತಾರು ಸಲದ್ದು, ಈ ನಿಧಾನದ ತೂಗಾಟಕ್ಕೆ ಅದು ತಾಳ ಸೇರಿಸಲಾರದು. ತಾಳ ಸೇರಿಸುವವರು ಮನೆಯೊಳಗೇ ಇದ್ದಾರೆ. ಯೂನಿಟ್ ಅಂಚಿಗೆ ಒರಗಿಕೊಂಡು ಮೀನು ನೋಡುತ್ತಾ ಹಿಂದೆ ಮುಂದೆ ತೂಗುವ ಮಗುವಿನ ಲಯ ಹೆಚ್ಚುಕಡಿಮೆ ಅಷ್ಟೇ. ಸಡಿಲ ಕೀಲು, ತೂಗುವ ನೀರು, ತೂಗುವ ಮಗು ಮೂರೂ ಒಂದಾದರೆ ಅಲೆ ದೊಡ್ಡದಾಗುತ್ತಲೇ ಹೋಗುತ್ತದೆ.

ಇನ್ನು ಬಾಗುವ ವಿಷಯ. ಅದೇ ಭಾರಕ್ಕೆ, ಆಧಾರಗಳ ನಡುವಿನ ಅಂತರ ಅರ್ಧವಾದರೆ ಹಲಗೆಯ ಬಾಗು ಎಂಟನೇ ಒಂದಾಗುತ್ತದೆ. ದಪ್ಪ ಇಮ್ಮಡಿಯಾದರೂ ಅಷ್ಟೇ ಲಾಭ. ನಡುವೆ ಒಂದು ನಿಲುವು ಹಲಗೆ ಸೇರಿಸುವುದು ಅತ್ಯಂತ ಅಗ್ಗದ ರಿಪೇರಿ. ಪಾರ್ಟಿಕಲ್ ಬೋರ್ಡ್, ಎಂಡಿಎಫ್‌ಗಳಿಗೆ ಇನ್ನೊಂದು ಚಾಳಿ ಇದೆ: ಭಾರ ಇಟ್ಟ ದಿನ ಎಷ್ಟು ಬಾಗಿತೋ ಅಲ್ಲಿಗೇ ನಿಲ್ಲುವುದಿಲ್ಲ. ತಿಂಗಳುಗಟ್ಟಲೆ ಹೊತ್ತರೆ ಮೆಲ್ಲಗೆ ಬಾಗುತ್ತಲೇ ಇರುತ್ತವೆ, ಭಾರ ತೆಗೆದ ಮೇಲೂ ಪೂರ್ತಿ ಮೊದಲಿನಂತಾಗುವುದಿಲ್ಲ. ಮೊದಲ ವಾರ ಏನೂ ಆಗಲಿಲ್ಲ ಎಂಬ ಧೈರ್ಯಕ್ಕೆ ಬೆಲೆ ಇಲ್ಲ.

ಇದರ ಜೊತೆಗೆ ಒದ್ದೆ. ಪಾರ್ಟಿಕಲ್ ಬೋರ್ಡ್ ಅಂದರೆ ಮರದ ಚೂರನ್ನು ರಾಳದಲ್ಲಿ ಕಲಸಿ ಬಿಸಿಯಲ್ಲಿ ಒತ್ತಿದ್ದು. ಮೇಲಿನ ಲ್ಯಾಮಿನೇಟ್ ನೀರು ತಡೆದರೂ ಸ್ಕ್ರೂ ತೂತು ಮತ್ತು ಕೊರೆದ ಅಂಚಿಗೆ ಆ ರಕ್ಷಣೆ ಇಲ್ಲ. ನೀರು ಬದಲಿಸುವಾಗ ಚೆಲ್ಲಿದ ನಾಲ್ಕು ಹನಿ ಅಂಚಿನ ಪಟ್ಟಿಯ ಕೆಳಗೆ ಇಳಿಯುತ್ತದೆ. ಕೆಲವೇ ವಾರದಲ್ಲಿ ಆ ಜಾಗ ಉಬ್ಬಿ, ಪಟ್ಟಿ ಬಾಯಿ ಬಿಡುತ್ತದೆ. ಉಗುರಿನಿಂದ ಕೆದಕಿದರೆ ಹೊಟ್ಟು ಉದುರುತ್ತದೆ. ಸ್ಕ್ರೂ ಹಿಡಿದಿದ್ದದ್ದೂ ಅದೇ ಹೊಟ್ಟನ್ನು. ಪ್ಲೈವುಡ್‌ನಲ್ಲಿ ಹಾಳೆಗಳ ಎಳೆ ಒಂದಕ್ಕೊಂದು ಅಡ್ಡಡ್ಡ ಇರುವುದರಿಂದ ಅದು ಅಷ್ಟು ಉಬ್ಬುವುದಿಲ್ಲ. ಬಡಗಿಗಳು "ಸೆವೆನ್ ಟೆನ್" ಅನ್ನುವ ಪ್ಲೈ ಐಎಸ್ 710 ಮಾನಕದ್ದು. ಅದರ ಅಂಟನ್ನು ಪರೀಕ್ಷಿಸುವುದು 72 ಗಂಟೆ ಕುದಿಯುವ ನೀರಿನಲ್ಲಿಟ್ಟು. ಅಂಗಡಿಯವರ ಬಾಯಿಮಾತಿಗಿಂತ ಹಾಳೆಯ ಮೇಲಿನ ಮುದ್ರೆ ನೋಡಿ ಕೊಳ್ಳುವುದು ಮೇಲು.

ನೀರು ಹೊರಗಿನಿಂದಲೇ ಚೆಲ್ಲಬೇಕೆಂದೂ ಇಲ್ಲ. ಸದ್ದು ಕೇಳದಿರಲಿ ಎಂದು ಗಾಳಿಯ ಪಂಪನ್ನು ಯೂನಿಟ್‌ನ ಡ್ರಾಯರ್‌ನೊಳಗೆ ಇಡುವವರಿದ್ದಾರೆ. ಕರೆಂಟ್ ಹೋಗುತ್ತಿದ್ದಂತೆ ಪಂಪು ನಿಲ್ಲುತ್ತದೆ, ಪೈಪಿನಲ್ಲಿ ಗಾಳಿಯ ಒತ್ತಡ ಇಳಿಯುತ್ತದೆ, ತೊಟ್ಟಿಯ ನೀರು ಅದೇ ಪೈಪು ಹಿಡಿದು ಕೆಳಗಿನ ಪಂಪಿಗೆ ಇಳಿಯಬಹುದು. ಸೈಫನ್ ಒಮ್ಮೆ ಹಿಡಿಯಿತೆಂದರೆ ಪೈಪಿನ ಬಾಯಿಯ ಮಟ್ಟದವರೆಗೂ ಡ್ರಾಯರ್‌ಗೆ ಸುರಿಯುತ್ತದೆ. ಪೈಪಿನ ನಡುವೆ ಹಾಕುವ ಪುಟ್ಟ ಒಮ್ಮುಖ ಕವಾಟಕ್ಕೆ ಹೆಚ್ಚು ಖರ್ಚಿಲ್ಲ. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಗೋಡೆಗೆ ನೇತುಹಾಕಿದರೆ ಆ ಖರ್ಚೂ ಇಲ್ಲ.

ಹಾಗಾದರೆ ಮನೆಯಲ್ಲಿರುವ ಯಾವ ಸಾಮಾನು ಆದೀತು? ಕೂಡು ಹಾಕಿ ಮಾಡಿದ, ಕಾಲುಗಳ ನಡುವೆ ಅಡ್ಡಪಟ್ಟಿ ಇರುವ ಹಳೆ ತೇಗದ ಮೇಜು ಸಿಕ್ಕರೆ ಅದೃಷ್ಟ. ಎರಡಡಿ ತೊಟ್ಟಿಗೆ ಎರಡು ಮಾತಿಲ್ಲ. ಹೊಲಿಗೆ ಯಂತ್ರದ ಬೀಡುಕಬ್ಬಿಣದ ಕಾಲು ನೋಡಲು ಚೆಂದ, ಆದರೆ ಅಗಲ ಕಡಿಮೆ, ಮುಂದಕ್ಕೆ ಮಗುಚುವ ಭಯ. ಹಳೆ ಮನೆಗಳ ಗೋಡೆಯಲ್ಲಿರುವ ಕಡಪ ಕಲ್ಲಿನ ಶೆಲ್ಫ್ ಬೇಡವೇ ಬೇಡ. ಒತ್ತಿದರೆ ತಾಳುವ ಕಲ್ಲು ಬಾಗಿಸಿದರೆ ತಾಳದು, ಮುನ್ಸೂಚನೆಯನ್ನೂ ಕೊಡದೆ ಎರಡಾಗುತ್ತದೆ. ಬೆಂಗಳೂರಿಗೆ ಒಗ್ಗುವ ಉಪಾಯ ಬೇರೆಯೇ ಇದೆ: ಕಟ್ಟಡ ಕೆಲಸದಲ್ಲಿ ಉಳಿದ ಸಾಲಿಡ್ ಬ್ಲಾಕ್‌ಗಳ ಮೂರು ಗಿಡ್ಡ ಕಂಬ, ಮೇಲೊಂದು ಗ್ರಾನೈಟ್ ತುಂಡು. ನಡುವಿನ ಕಂಬ ಇರುವುದರಿಂದ ಕಲ್ಲು ಹೆಚ್ಚು ಬಾಗುವ ಪ್ರಮೇಯವೇ ಬರುವುದಿಲ್ಲ. ಅಡಿಗೆಮನೆ ಕಟ್ಟೆಗೆ ಕೊಯ್ದು ಮಿಕ್ಕ ತುಂಡು ಗ್ರಾನೈಟ್ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಮನೆ ಬದಲಿಸುವಾಗ ಬಿಚ್ಚಿ ಒಯ್ಯಲೂಬಹುದು.

ನೆಲದ ಬಗ್ಗೆ ಒಂದು ಮಾತು. ವಾಸದ ಕೋಣೆಯ ಮಹಡಿ ಚದರ ಮೀಟರಿಗೆ ಸುಮಾರು 200 ಕಿಲೋ ಹೊರಬೇಕೆಂದು ಐಎಸ್ 875 ಲೆಕ್ಕ ಕೊಡುತ್ತದೆ. ಅದು ಇಡೀ ಕೋಣೆಗೆ ಹರಡಿದ ಭಾರ. ನಾಲ್ಕಡಿ ತೊಟ್ಟಿ ಅರ್ಧ ಚದರ ಮೀಟರಿನಲ್ಲೇ 300 ಕಿಲೋ ಇಳಿಸುತ್ತದೆ. ಹಾಗಾಗಿ ಅದರ ಜಾಗ ಬೀಮ್ ಹಾದುಹೋಗುವ ಗೋಡೆಯ ಪಕ್ಕ, ಕೋಣೆಯ ನಡುವೆ ಅಲ್ಲ. ಅದಕ್ಕಿಂತ ದೊಡ್ಡದಾದರೆ ಎಂಜಿನಿಯರನ್ನು ಕೇಳಿಯೇ ಇಡಬೇಕು.

ಗಾಜು ಒಡೆಯುವುದು ಭಾರಕ್ಕಿಂತ ಹೆಚ್ಚಾಗಿ ತಿರುಚುವಿಕೆಗೆ. ಖಾಲಿ ತೊಟ್ಟಿಯನ್ನು ಮೇಜಿನ ಮೇಲಿಟ್ಟು ನಾಲ್ಕೂ ಮೂಲೆಯ ಕೆಳಗೆ ಪೋಸ್ಟ್‌ಕಾರ್ಡ್ ತೂರಿಸಿ ನೋಡಿ. ಒಂದು ಮೂಲೆಯಲ್ಲಿ ಸಲೀಸಾಗಿ ಒಳಹೋದರೆ ಮೇಜಿನ ಮೈ ಸೊಟ್ಟಗಿದೆ ಎಂದರ್ಥ. ನೀರು ತುಂಬಿದಾಗ ಆ ಸಂದು ಮುಚ್ಚಿಕೊಳ್ಳುತ್ತದೆ, ಗಾಜನ್ನು ಬಗ್ಗಿಸಿ. ಕೆಳಗೆ ಹಾಸುವ ಥರ್ಮಾಕೋಲ್ ಮರಳಿನ ಕಾಳನ್ನು ನುಂಗಿಕೊಳ್ಳುತ್ತದೆ, ಸೊಟ್ಟ ಮೇಜನ್ನು ನೆಟ್ಟಗೆ ಮಾಡದು. ಸಂದು ಇಲ್ಲದಿದ್ದರೆ ಕಾಲು ಭಾಗ ನೀರು ತುಂಬಿ, ಎರಡೂ ತುದಿಯಲ್ಲಿ ನೀರಿನ ಎತ್ತರವನ್ನು ಸ್ಕೇಲಿನಿಂದ ಅಳೆಯಿರಿ. ಗಾರೆಯವರು ಪಾರದರ್ಶಕ ಪೈಪಿನಲ್ಲಿ ನೀರು ಹಿಡಿದು ಮಟ್ಟ ನೋಡುವುದೂ ಇದೇ ನಿಯಮದ ಮೇಲೆ. ಎರಡು ಮೂರು ಮಿಲಿಮೀಟರ್ ವ್ಯತ್ಯಾಸ ಕಣ್ಣಿಗೆ ಕಿರಿಕಿರಿ, ಅಷ್ಟೇ. ಅರ್ಧ ತುಂಬಿದಾಗ ವ್ಯತ್ಯಾಸ ಹೆಚ್ಚಿದರೆ ಮಾತ್ರ ಮೇಜು ಬಗ್ಗುತ್ತಿದೆ ಎಂದು ತಿಳಿದು ನೀರು ಹೊರತೆಗೆಯಬೇಕು.

ಮೀನಿಗೂ ಈ ಮೇಜಿನಲ್ಲಿ ಪಾಲಿದೆ. ಗೋಲ್ಡ್‌ಫಿಶ್, ಟೆಟ್ರಾ, ಕ್ಯಾಟ್‌ಫಿಶ್‌ಗಳ ಗಾಳಿಚೀಲದಿಂದ ಒಳಕಿವಿಗೆ ಪುಟ್ಟ ಮೂಳೆಗಳ ಸರಪಳಿ ಇದೆ. ಜರ್ಮನಿಯ ಎರ್ನ್ಸ್ಟ್ ವೇಬರ್ 1820ರಲ್ಲಿ ಅದನ್ನು ವರ್ಣಿಸಿದ. ಚೀಲದ ಕಂಪನ ಕಿವಿಗೆ ಮುಟ್ಟುವುದರಿಂದ ಇವುಗಳಿಗೆ ಸದ್ದು ಬೇರೆ ಹಲವು ಮೀನುಗಳಿಗಿಂತ ಚುರುಕಾಗಿ ಕೇಳುತ್ತದೆ. ಟಿ.ವಿ. ಯೂನಿಟ್‌ನ ಕೆಳ ಅರೆಯಲ್ಲಿ ಸಬ್‌ವೂಫರ್, ಮೇಲೆ ಗೋಲ್ಡ್‌ಫಿಶ್ ಇಟ್ಟವರು ಕ್ರಿಕೆಟ್ ಫೈನಲ್ ದಿನ ಎರಡರಲ್ಲೊಂದನ್ನು ಬೇರೆ ಕೋಣೆಗೆ ಒಯ್ಯಬೇಕು. 70 ಕಿಲೋ ಎತ್ತುವುದಕ್ಕಿಂತ ಸಬ್‌ವೂಫರ್ ಎತ್ತುವುದು ಸುಲಭ.