ಕೆರೆ, ದಡ, ತಳ್ಯಾತ್, ಮಳ್ಯಾತ್!

ನಿಂತಿತು! ಗಾಳಿಯಲ್ಲೇ ನಿಂತುಬಿಟ್ಟಿತು ಆ ಪುಟ್ಟ ಕಾಲು!

ಡೊಂಬಿವಲಿಯಲ್ಲಿ ನಮ್ಮ ಸೊಸೈಟಿಯ ಅಂಗಳ, ಸಂಜೆ ಹೊತ್ತು. ನೆಲದ ಮೇಲೆ ಸೀಮೆಸುಣ್ಣದ ಒಂದೇ ಗೆರೆ. ಆಚೆ ಕೆರೆ, ಈಚೆ ದಡ. "ಕೆರೆ!" ಎಲ್ಲರೂ ಹಾರಿದರು. "ದಡ!" ಮರಳಿದರು. "ದಡ!" ಅಯ್ಯೋ, ಮತ್ತೆ ದಡವೇ! ಮೂರೂವರೆ ವರ್ಷದ ಮೊಮ್ಮಗಳು ಕೆರೆಗೆ ಧುಮುಕಿಯೇ ಬಿಟ್ಟಳು. ಆರು ವರ್ಷದ ಅವಳಣ್ಣನ ಕಾಲೂ ಎದ್ದಿತ್ತು. ಗೆರೆಯ ಮೇಲೆ ಒಂದು ಕ್ಷಣ ತೂಗಾಡಿ ಹಿಂದಕ್ಕೆ ಬಂತು.

"ಪುಟ್ಟಿ, ದಡ ಅಂದ್ರೆ ಎಲ್ಲಿ ನಿಲ್ಬೇಕು?"

"ಇಲ್ಲಿ ಅಜ್ಜಿ!" ಬೆರಳು ದಡವನ್ನೇ ತೋರಿಸಿತು.

ಅವಳಿಗೆ ಗೊತ್ತಿದೆ! ಕಾಲು ಮಾತ್ರ ಕೇಳುತ್ತಿಲ್ಲ!

1990ರ ದಶಕದಲ್ಲಿ ಮನೋವಿಜ್ಞಾನಿ ಫಿಲಿಪ್ ಝೆಲಾಜೊ ಮತ್ತು ಸಂಗಡಿಗರು ಚಿತ್ರದ ಕಾರ್ಡುಗಳಲ್ಲಿ ಕಂಡದ್ದೂ ಇದನ್ನೇ. ಮೊದಲು ಬಣ್ಣ ನೋಡಿ ವಿಂಗಡಿಸು, ಆಮೇಲೆ ಆಕಾರ ನೋಡಿ. ಮೂರರ ಮಗು ಹೊಸ ನಿಯಮವನ್ನು ಬಾಯಲ್ಲಿ ಸರಿಯಾಗಿ ಹೇಳುತ್ತದೆ, ಕೈ ಹಳೆಯ ಗುಂಪಿಗೇ ಹೋಗುತ್ತದೆ. ನಾಲ್ಕು-ಐದಕ್ಕೆ ಬಂದರೆ ಹೆಚ್ಚಿನ ಮಕ್ಕಳು ಸಲೀಸಾಗಿ ಬದಲಾಯಿಸುತ್ತಾರೆ! ನಿಯಮ ನೆನಪಿಡುವುದು, ನುಗ್ಗುವ ಕಾಲನ್ನು ತಡೆಯುವುದು, ಕೂಗು ಬದಲಾದೊಡನೆ ತಾನೂ ಬದಲಾಗುವುದು: ಈ ಮೂರೂ ಸೇರಿದ್ದಕ್ಕೆ ವಿಜ್ಞಾನಿಗಳು ಎಕ್ಸಿಕ್ಯೂಟಿವ್ ಫಂಕ್ಷನ್ ಎನ್ನುತ್ತಾರೆ. ಇದಕ್ಕೆ ಆಧಾರವಾದ, ಹಣೆಯ ಹಿಂದಿನ ಪ್ರೀಫ್ರಂಟಲ್ ಕಾರ್ಟೆಕ್ಸ್ ಮಾಗುವುದು ಇಪ್ಪತ್ತು ದಾಟಿದರೂ ಮುಗಿದಿರುವುದಿಲ್ಲ. ಈ ಶಕ್ತಿಯ ಮೊಳಕೆಯೋ, ಮಗು ಅಂಬೆಗಾಲಿಡುವ ಹೊತ್ತಿಗೇ ಒಡೆದಿರುತ್ತದೆ!

ಅಷ್ಟರಲ್ಲಿ ಪಕ್ಕದ ಬಿಲ್ಡಿಂಗಿನ ಹುಡುಗ ಕೂಗುವ ಸರದಿ ಬಂತು. "ತಳ್ಯಾತ್! ಮಳ್ಯಾತ್!"

ನನಗೆ ಮೈ ಜುಮ್ಮೆಂದಿತು. ಮರಾಠಿಯಲ್ಲಿ ತಳೆ ಅಂದರೆ ಕೊಳ, ಮಳಾ ಅಂದರೆ ತೋಟ. ಅದೇ ಗೆರೆ, ಅದೇ ಹಾರಾಟ! ನಾನು ಬಾಲ್ಯದಲ್ಲಿ ಧಾರವಾಡದ ಓಣಿಯಲ್ಲಿ ಆಡಿದ ಆಟವನ್ನೇ ಈ ಹುಡುಗನ ಅಜ್ಜಿಯೂ ಆಡಿರಬೇಕು. ಝೆಲಾಜೊ ಅವರ ಕಾರ್ಡುಗಳು ಬರುವುದಕ್ಕೆ ಎಷ್ಟೋ ಮೊದಲೇ ಮಕ್ಕಳು ಗೆರೆ ಎಳೆದುಕೊಂಡು ಮನಸ್ಸನ್ನು ಪಳಗಿಸುತ್ತಿದ್ದರು! 1945ರಲ್ಲಿ, ಆಗ ಠಾಣೆ ಜಿಲ್ಲೆಯಲ್ಲಿದ್ದ ಬೋರ್ಡಿಯಲ್ಲಿ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಹಳ್ಳಿಯ ಮಕ್ಕಳಿಗಾಗಿ ಶಿಶುಶಿಕ್ಷಣ ಆರಂಭಿಸಿದಾಗಲೂ ಸುತ್ತಮುತ್ತ ಸಿಗುವ ವಸ್ತುಗಳನ್ನೇ ಕಲಿಕೆಗೆ ಬಳಸಿಕೊಂಡರು. ಇಲ್ಲಿ ಸೀಮೆಸುಣ್ಣದ ಒಂದು ತುಂಡು ಸಾಕಾಗಿದೆ.

ಆಮೇಲೆ ಅಣ್ಣನ ಸರದಿ. "ಕೆರೆ! ದಡ!" ಪುಟ್ಟಿ ದಡಕ್ಕೆ ಬಂದು ನಿಂತಳು. ತುಟಿ ಅಲುಗುತ್ತಿತ್ತು. ಬಗ್ಗಿ ಆಲಿಸಿದೆ. "ದಡ... ದಡ... ದಡ..." ತನಗೆ ತಾನೇ ಹೇಳಿಕೊಳ್ಳುತ್ತಿದ್ದಾಳೆ! ಮಗು ತನ್ನ ಮಾತಿನಿಂದಲೇ ತನ್ನನ್ನು ಆಳಲು ಕಲಿಯುತ್ತದೆ ಎಂದು ರಷ್ಯದ ಮನೋವಿಜ್ಞಾನಿ ವಿಗೋಟ್ಸ್ಕಿ ಬರೆದದ್ದು ನನ್ನ ಕಣ್ಣೆದುರೇ ನಡೆಯುತ್ತಿದೆ!

"ದಡ!"

ಹಿಮ್ಮಡಿ ಎದ್ದಿತು, ಬೆರಳ ತುದಿ ಗೆರೆಯ ಅಂಚಿಗೆ ತಾಗಿತು, ಅಲ್ಲೇ ಉಳಿಯಿತು.